ಕತ್ತಿ ಹತ್ತದ ಹರಿಗೋಲು

ಕೇಳಿರಪ್ಪೋ ಕೇಳಿ! ಆನೆಬೇರಿ ದೊರೆಯ ಅಪ್ಪಣೆ. ತೀರಿಹೋದ ರಾಣಿ ಹಾಕುತ್ತಿದ್ದ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಸಂಜೆಗೆ ಹೋಗುತ್ತದೆ. ನಾಳೆ ದಂಡು ಹೊಳೆ ದಾಟಿ, ರಾಣಿಯನ್ನು ಕೊಂದವರ ಊರನ್ನು ಸುಡುತ್ತದೆ.

ಮೊದಲು ಸರದಾರ ಬಂದ.

“ಹೊಡೆದವನನ್ನೇ ಹೊತ್ತು ದಡ ಸೇರಿಸುತ್ತದೆ. ಮೈಮೇಲೆ ಗಾಯವಿಲ್ಲ. ಏನದು?” ಎಂದ ದೊರೆ.

“ಕುದುರೆ.”

“ಚಾಟಿಯ ಬಾಸುಂಡೆ ನೋಡಿಲ್ಲವೇನೋ?” ಅವನನ್ನು ಕಂಬಕ್ಕೆ ಕಟ್ಟಿದರು.

ಪಂಡಿತ “ತಾಯಿ” ಎಂದ.

“ಅವಳ ಗಾಯ ಒಳಗಿರುತ್ತದೆ.” ಅವನನ್ನೂ ಕಟ್ಟಿದರು.

ಆಮೇಲೆ ಹುಲುಗಪ್ಪ ಬಂದ. ಹರಿಗೋಲಿಗೆ ಹುಟ್ಟು ಹಾಕುವ ಹುಡುಗ.

“ಏನೋ ಮೀನುನಾತ, ನಿನ್ನ ಕುತ್ತಿಗೆಗೂ ತುರಿಕೆಯೋ?” ಎಂದ ಕಾವಲಿನವನು.

“ತುರಿಕೆಯಲ್ಲಣ್ಣ. ಭಾರ.”

ಒಗಟು ಕೇಳಿ ಅವನೆಂದ, “ಅದು ನೀರು, ಬುದ್ಧಿ. ಹುಟ್ಟು ಹಿಡಿದು ದಿನವಿಡೀ ಹೊಡೀತೀನಿ. ದಾಟಿಸುತ್ತೆ.”

“ಕಣ್ಣಿಗೆ ಕಾಣದು. ಅದಿಲ್ಲದೆ ಯಾರೂ ಹೊಳೆಗೆ ಇಳಿಯರು.” ದೊರೆ ಎರಡನೆಯದು ಹಾಕಿದ.

“ನಂಬಿಕೆ. ಈಜು ಬಾರದ ಬಾಣಂತಿ ಕೂಸು ಎತ್ತಿಕೊಂಡು ನನ್ನ ಹರಿಗೋಲು ಹತ್ತುತ್ತಾಳೆ.”

ದೊರೆಯ ದನಿ ತಗ್ಗಿತು. “ಮೂರನೆಯದಕ್ಕೆ ಉತ್ತರ ಹೇಳದೇ ಹೋದಳು. ಹಿಡಿದವನನ್ನು ಮುಳುಗಿಸುತ್ತದೆ. ಬಿಟ್ಟರೆ ಇಬ್ಬರು ಉಳಿಯುತ್ತಾರೆ.”

ಹುಲುಗಪ್ಪ ದೊರೆಯ ಸೊಂಟದ ಕತ್ತಿ ನೋಡಿದ.

“ಹರಿಗೋಲಿಗೆ ಕತ್ತಿ ಹತ್ತಿಸಬಾರದು ಬುದ್ಧಿ. ಮೊನೆ ತಾಗಿದರೆ ತಳದ ಚರ್ಮ ಹರಿಯುತ್ತೆ. ದಡದಲ್ಲೇ ಇಡಿಸೋದು ನಮ್ಮಪ್ಪನ ಕಾಲದ ಕಟ್ಟಳೆ. ರಾಣಿಯಮ್ಮನನ್ನು ಕೊಂದ ನಾಲ್ವರನ್ನು ಈಚೆದಡಕ್ಕೆ ದಾಟಿಸಿದವನು ನಾನೇ. ಹೆದರಿ, ಕತ್ತಿ ಸಮೇತ ಹತ್ತಿಸಿದೆ.”

ದೊರೆಯ ಕತ್ತಿ ಅವನ ಕುತ್ತಿಗೆಗೆ ಬಂತು.

“ಕಡಿದರೆ ಕಡೀರಿ. ಕೈ ಎತ್ತಲ್ಲ. ಆದರೆ ನಿಮ್ಮ ದಂಡನ್ನು ದಾಟಿಸಲ್ಲ. ಉತ್ತರ ಈಗ ನಿಮ್ಮ ಕೈಯಲ್ಲೇ ಇದೆ. ಸೇಡು. ಬಿಟ್ಟರೆ ನಾನೂ ಉಳೀತೀನಿ, ನೀವೂ ಉಳೀತೀರಿ.”

ಹೆಂಡತಿ ಹೋದ ಮೇಲೆ ಗಂಡಸಿಗೆ ಕೈ ಎಲ್ಲಿಡಬೇಕು ಅಂತ ತಿಳಿಯೋದಿಲ್ಲ. ಕತ್ತಿ ಸಿಕ್ಕರೆ ಅದನ್ನೇ ಹಿಡೀತಾನೆ. ದೊರೆ ಹಾಗೇ ನಿಂತಿದ್ದ. ಆಮೇಲೆ ಕತ್ತಿ ಕೆಳಗಿಟ್ಟ.

“ಅವಳಿದ್ದಿದ್ದರೆ ಇದನ್ನೇ ಹೇಳುತ್ತಿದ್ದಳು. ಏನು ಬೇಕು, ಕೇಳು.”

“ಆ ಇಬ್ಬರ ಕಟ್ಟು ಬಿಚ್ಚಿಸಿ. ಆಚೆದಡದ ಊರು ಉಳಿಸಿ.”

“ನಿನಗೆ?”

“ನೀವೊಮ್ಮೆ ನನ್ನ ಹರಿಗೋಲು ಹತ್ತಬೇಕು.”

ದೊರೆ ಕಟ್ಟು ಬಿಚ್ಚಿಸಿ, ಹೊಳೆ ದಾಟಿಸುವ ಆ ಕಡವನ್ನು ಅವನ ವಂಶಕ್ಕೇ ಬರೆದುಕೊಟ್ಟ. ಮರುದಿನ ದಂಡು ಬರಲಿಲ್ಲ. ದೊರೆ ಒಬ್ಬನೇ ಬರಿಗೈಯಲ್ಲಿ ಬಂದ. ಈಜು ಬಾರದವನು. ನೀರು ನೋಡಿ ನಿಂತ.

ಹುಲುಗಪ್ಪ ಕೈ ಚಾಚಿದ. ದೊರೆ ಅದನ್ನು ಹಿಡಿದು ಹತ್ತಿದ.