ಲೆಕ್ಕಕ್ಕೆ ಸಿಗದವನು

"ಗುರುಗಳೇ, ನಾನು ಈ ಮಠಕ್ಕೆ ಬಂದು ಬಹಳ ಕಾಲವಾಯಿತು. ಎಲ್ಲರ ಜೊತೆ ಏಳುತ್ತೇನೆ, ಎಲ್ಲರ ಜೊತೆ ಮಲಗುತ್ತೇನೆ. ಆದರೂ ಇಲ್ಲಿಯವನು ಅಂತ ಅನ್ನಿಸುವುದಿಲ್ಲ. ಅನ್ನಿಸುವುದು ಯಾವಾಗ?"

ಕೇಳಿದವನು ಮಠದ ಕಿರಿಯ ಶಿಷ್ಯ. ಸಂಜೆಯ ಊಟಕ್ಕೆ ಎಷ್ಟು ಮಂದಿ ಎಂದು ನೋಡಿ ಅಡುಗೆಮನೆಗೆ ತಿಳಿಸುವ ಕೆಲಸ ಅವನದು. ಅದನ್ನು ಮುಗಿಸಿ ಬಂದು ಗುರುಗಳ ಎದುರು ಕೂತಿದ್ದ. ಗುರುಗಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅನ್ನಿಸಲಿ ಎಂದು ಕಾಯುತ್ತ ಕೂತಿದ್ದೀಯೋ? ಹಾಗೆ ಕಾದವನೊಬ್ಬನಿದ್ದ, ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಪತ್ರಕರ್ತನಿದ್ದ. ಹುಟ್ಟಿನಿಂದ ಯೆಹೂದಿ. ಆದರೆ ಅದು ಯಾರಿಗೂ ಗೊತ್ತಿರಲಿಲ್ಲ. ಅವನು ಒಂದು ಕಾವ್ಯನಾಮ ಇಟ್ಟುಕೊಂಡು ಬರೆಯುತ್ತಿದ್ದ. ಬರಬರುತ್ತ ಜನ ಅವನನ್ನು ಕರೆಯುವುದೂ ಅದರಿಂದಲೇ ಆಯಿತು. ಅಪ್ಪ ಇಟ್ಟ ಹೆಸರನ್ನು ಅಪ್ಪನೊಬ್ಬನನ್ನು ಬಿಟ್ಟು ಇನ್ನಾರೂ ಕೂಗುತ್ತಿರಲಿಲ್ಲ.

ಪತ್ರಿಕೆಗೆ ಸೇರಿದ ಹೊಸದರಲ್ಲಿ ಅವನೊಂದು ಸಭೆಯ ವರದಿ ಬರೆದಿದ್ದ. ಅದರಲ್ಲಿ ‘ನಾನು ನೋಡಿದೆ’ ಎಂಬ ಮಾತಿತ್ತು. ಸಂಪಾದಕ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ. ವರದಿಗಾರ ಸಭೆಯಲ್ಲಿ ಇರಬೇಕು, ಸುದ್ದಿಯಲ್ಲಿ ಇರಬಾರದು ಎಂದ. ಅದರಲ್ಲಿ ತಪ್ಪೇನಿಲ್ಲ, ಆ ಕಸುಬಿನ ನೇಮವೇ ಅದು. ಇವನು ಆ ಪಾಠವನ್ನು ಚೆನ್ನಾಗಿಯೇ ಕಲಿತ. ಉರುಸಿಗೆ ಹೋದ, ಇಗರ್ಜಿಯ ಹಬ್ಬಕ್ಕೆ ಹೋದ, ಮದುವೆಮನೆಗೆ ಹೋದ, ಸಾವಿನ ಮನೆಗೂ ಹೋದ. ಎಲ್ಲ ಕಡೆ ಬಾಗಿಲ ಬಳಿ ನಿಂತು ಇಷ್ಟು ಜನ ಇದ್ದರು ಎಂದು ಬರೆದ. ಒಂದು ಕಡೆಯೂ ತನ್ನನ್ನು ಸೇರಿಸಿ ಎಣಿಸಲಿಲ್ಲ. ಓದಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ಚೆನ್ನಾಗಿ ಬರೆಯುತ್ತಿದ್ದ, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಅವನ ಅಪ್ಪ ತೀರಿಕೊಂಡ. ಸಾಯುವ ಮೊದಲು ಮಗನನ್ನು ಕರೆದು, ನನ್ನ ಹೆಸರಿನಲ್ಲಿ ಒಂದು ಸಲವಾದರೂ ಕದ್ದಿಶ್ ಹೇಳು ಎಂದು ಕೇಳಿಕೊಂಡಿದ್ದ. ಕದ್ದಿಶ್ ಎಂದರೆ ಸತ್ತವರಿಗಾಗಿ ಉಳಿದವರು ಹೇಳುವ ಪ್ರಾರ್ಥನೆ. ಮನೆಯಲ್ಲಿ ಒಬ್ಬನೇ ಕೂತು ಅದನ್ನು ಹೇಳುವ ಹಾಗಿಲ್ಲ. ಹತ್ತು ಮಂದಿ ಯೆಹೂದಿ ಗಂಡಸರು ಸೇರಬೇಕು. ಒಂಬತ್ತು ಮಂದಿ ಇದ್ದರೂ ಆಗದು. ಅದು ಅವರ ಕಟ್ಟಳೆ.

ಮಗನ ಊರಿನಲ್ಲಿ ಹತ್ತು ಹೋಗಲಿ, ಇನ್ನೊಬ್ಬ ಯೆಹೂದಿಯೂ ಇರಲಿಲ್ಲ. ವಿಚಾರಿಸಿದಾಗ, ಪಕ್ಕದ ಊರಿನ ರೈಲು ನಿಲ್ದಾಣದ ಹಿಂದೆ ಅವರದೊಂದು ಪುಟ್ಟ ಪ್ರಾರ್ಥನಾಲಯ ಇದೆ ಎಂದು ತಿಳಿಯಿತು. ಒಂದು ಶನಿವಾರ ಹೋದ. ಶನಿವಾರ ಅವರಿಗೆ ವಿಶ್ರಾಂತಿಯ ದಿನ, ಅಂದು ಯಾವ ಕೆಲಸಕ್ಕೂ ಕೈಹಾಕುವುದಿಲ್ಲ. ಒಳಗೆ ಒಂಬತ್ತು ಮಂದಿ ಮುದುಕರು ಕೂತಿದ್ದರು. ಪ್ರಾರ್ಥನೆಯ ಒಂದು ಸಾಲೂ ಬಾರದವನು ಯಾವ ಮುಖ ಇಟ್ಟುಕೊಂಡು ನಾನು ನಿಮ್ಮವನು ಎಂದಾನು? ಪತ್ರಿಕೆಯಿಂದ ಬಂದಿದ್ದೇನೆ, ನಿಮ್ಮ ಬಗ್ಗೆ ಬರೆಯಬೇಕು ಎಂದುಬಿಟ್ಟ. ಕೂತುಕೊಳ್ಳಿ ಸಾಹೇಬರೇ ಎಂದು ಅವರು ಬಾಗಿಲ ಬಳಿಯ ಬೆಂಚು ತೋರಿಸಿದರು. ಕೂತ. ಕೈಯಲ್ಲಿ ಹಿಡಿದು ತಂದಿದ್ದ ಪುಸ್ತಕ ಬಿಚ್ಚಿ ಪೆನ್ನು ಹಿಡಿದ.

ಅವರಲ್ಲಿ ಹಿರಿಯ ಹಸ್ಕೇಲ್ ಎಂಬವನು. ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ ತೀರಿಕೊಂಡಾಗಿನಿಂದ ಅವಳಿಗಾಗಿ ಕದ್ದಿಶ್ ಹೇಳಬೇಕೆಂದು ಕಾಯುತ್ತಿದ್ದ. ಹತ್ತನೆಯವನು ಸಿಕ್ಕಿರಲಿಲ್ಲ. ಕಿಟಕಿಯ ಪಕ್ಕ ಕೂರುತ್ತಿದ್ದವನು ಗಡಿಯಾರ ರಿಪೇರಿಯ ಸಿಮ್ಸನ್. ರಸ್ತೆಯಲ್ಲಿ ಹೆಜ್ಜೆ ಸದ್ದಾದರೆ ಸಾಕು, ತಟ್ಟನೆ ತಿರುಗಿ ನೋಡುತ್ತಿದ್ದ. ಬಂದವನು ಹಾಲಿನವನೋ ಟಪಾಲಿನವನೋ ಆಗಿರುತ್ತಿದ್ದ. ಬಿಸಿಲು ಏರುವವರೆಗೂ ಎಲ್ಲರೂ ಕಾಯುತ್ತಿದ್ದರು. ಆಮೇಲೆ ತಂತಮ್ಮ ಪ್ರಾರ್ಥನೆಯನ್ನು ಮೆಲ್ಲಗೆ ಹೇಳಿಕೊಂಡು, ಕದ್ದಿಶ್ ಬರಬೇಕಾದ ಕಡೆ ಸುಮ್ಮನಾಗಿ, ಎದ್ದು ಮನೆಗೆ ಹೋಗುತ್ತಿದ್ದರು. ಪತ್ರಕರ್ತ ಅದನ್ನೂ ಬರೆದುಕೊಂಡ.

ಅವನ ಆಸೆ ಒಂದೇ. ಇವರಲ್ಲಿ ಒಬ್ಬನಾದರೂ ನನ್ನ ಮುಖ ನೋಡಿ ಗುರುತು ಹಿಡಿಯಲಿ, ಯಾರ ಮಗನಪ್ಪಾ ನೀನು ಎಂದು ಕೇಳಲಿ. ಕೇಳಿದರೆ ಸಾಕು, ಎಲ್ಲ ಹೇಳಿಬಿಡುತ್ತೇನೆ. ಕೇಳದೆ ಹೇಳಿಕೊಂಡರೆ ಅದೇನು ಬಂತು? ಹೀಗೆಲ್ಲ ಅವನ ಯೋಚನೆ. ಮಹಾ ಬುದ್ಧಿವಂತ! ಒಂದು ಮಾತು ಬಾಯಿಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ವಾರ ವಾರ ಹೋದ, ಅದೇ ಬೆಂಚಿನ ಮೇಲೆ ಕೂತ. ಯಾರೂ ಕೇಳಲಿಲ್ಲ. ಇವರಿಗೆ ನಾನು ಬೇಡ ಎಂದುಕೊಂಡು ಒಳಗೊಳಗೇ ಬೆಂದ. ಅವರು ಒಬ್ಬನಿಗಾಗಿ ಬಾಗಿಲ ಕಡೆ ನೋಡುತ್ತಿದ್ದರು, ಇವನು ಬಾಗಿಲಲ್ಲೇ ಕೂತು ಅವರ ಕಡೆ ನೋಡುತ್ತಿದ್ದ.

ಕೊನೆಗೆ ಬರೆದ. ಒಂಬತ್ತು ಮಂದಿ ಹತ್ತನೆಯವನಿಗಾಗಿ ಕಾಯುವುದನ್ನು ಬರೆದ. ಊರಿಗೆ ಊರೇ ಓದಿತು. ಇಷ್ಟು ವರ್ಷದಲ್ಲಿ ನೀನು ಇಂಥದ್ದನ್ನು ಬರೆದಿರಲಿಲ್ಲ ಎಂದು ಸಂಪಾದಕನೇ ಬೆನ್ನು ತಟ್ಟಿದ. ಅದರಲ್ಲೂ ‘ನಾನು’ ಇರಲಿಲ್ಲ.

ಪತ್ರಿಕೆಯ ಪ್ರತಿ ಕೊಡಲೆಂದು ಹಸ್ಕೇಲನ ಮನೆಗೆ ಹೋದ. ಅಂದು ಶನಿವಾರವಲ್ಲ. ಪತ್ರಿಕೆ ಕಂಕುಳಲ್ಲಿತ್ತು, ಕೈ ಖಾಲಿ ಇತ್ತು. ಯೆಹೂದಿಗಳು ಮನೆಬಾಗಿಲಿನ ಬಲಪಕ್ಕಕ್ಕೆ ಬೆರಳುದ್ದದ ಒಂದು ಕೊಳವೆಯನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ಅದರೊಳಗೆ ದೇವರ ವಾಕ್ಯ ಇರುತ್ತದೆ. ಒಳಗೆ ಬರುವವರು ಅದನ್ನು ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಅಪ್ಪ ಇವನನ್ನು ಎತ್ತಿ ಹಿಡಿದು ಮುಟ್ಟಿಸುತ್ತಿದ್ದ. ಹೊಸ್ತಿಲು ದಾಟುವಾಗ ಕೈ ತಾನಾಗಿ ಮೇಲೆದ್ದಿತು, ಮುಟ್ಟಿತು, ತುಟಿಗೆ ಬಂತು. ಪ್ರಾರ್ಥನಾಲಯದ ಬಾಗಿಲಲ್ಲೂ ಅಂಥದ್ದೊಂದು ಇತ್ತು. ಅಲ್ಲಿಗೆ ಹೋಗುವಾಗ ಮಾತ್ರ ಇವನ ಕೈ ಎಂದೂ ಖಾಲಿ ಇರಲಿಲ್ಲ, ಪೆನ್ನು ಪುಸ್ತಕ ಇರುತ್ತಿದ್ದವು.

ಮುದುಕ ನೋಡಿದ. ಕುರ್ಚಿಯಿಂದ ಎದ್ದು ನಿಂತ.

"ಯಾರ ಮಗ ನೀನು?" ಎಂದ.

ಪತ್ರಕರ್ತ ಅಪ್ಪನ ಹೆಸರು ಹೇಳಿದ. ಅಳುತ್ತಲೇ ಹೇಳಿದ. ಅಪ್ಪ ಕೇಳಿಕೊಂಡದ್ದನ್ನೂ ಹೇಳಿದ. ಇಷ್ಟು ವಾರ ನಿಮ್ಮ ಎದುರಿಗೇ ಕೂತಿದ್ದೆನಲ್ಲ, ಒಂದು ಸಲವಾದರೂ ಯಾಕೆ ಕೇಳಲಿಲ್ಲ ಎಂದ.

"ಶನಿವಾರ ಪೆನ್ನು ಹಿಡದಾವನ್ನ ನಮ್ಮಾವ ಅಂತ ಹ್ಯಾಂಗ ತಿಳಕೋಬೇಕು, ತಮ್ಮಾ?" ಎಂದ ಮುದುಕ.

ಬರೆಯುವುದೂ ಕೆಲಸ. ನೇಮ ಪಾಲಿಸುವ ಯೆಹೂದಿ ಆ ದಿನ ಎರಡಕ್ಷರವನ್ನೂ ಬರೆಯುವುದಿಲ್ಲ. ಇವನಿಗೆ ಬರೆಯುವುದೆಂದರೆ ಉಸಿರಾಡಿದ ಹಾಗೆ, ಅದೊಂದು ಕೆಲಸ ಎಂದು ಹೊಳೆದೇ ಇರಲಿಲ್ಲ. ಪೆನ್ನು ಕಂಡ ಕೂಡಲೇ ಆ ಒಂಬತ್ತು ಮಂದಿಯೂ ಇವನು ಹೊರಗಿನವನು ಎಂದುಕೊಂಡಿದ್ದರು. ಅತಿಥಿಯನ್ನು ನೀನು ಯಾರವನು ಎಂದು ಕೆದಕಬಾರದೆಂದು ಮರ್ಯಾದೆಗೆ ಸುಮ್ಮನಿದ್ದರು.

ಪತ್ರಕರ್ತ ಕಣ್ಣೊರೆಸಿಕೊಂಡ. ಬರುವ ಶನಿವಾರ ಬರಿಗೈಯಲ್ಲಿ ಬರುತ್ತೇನೆ, ನನ್ನನ್ನು ಸೇರಿಸಿಕೊಳ್ಳಿ, ಹತ್ತಾಗುತ್ತದೆ, ನಿಮ್ಮ ಹೆಂಡತಿಗೂ ನನ್ನಪ್ಪನಿಗೂ ಕೂಡಿಯೇ ಹೇಳೋಣ ಎಂದು ಒಂದೇ ಉಸಿರಿಗೆ ಅಂದ. ಮುದುಕ ಅವನ ತಲೆಯ ಮೇಲೆ ಕೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ. ಮೊನ್ನೆ ಸಿಮ್ಸನ್ ತೀರಿಕೊಂಡ. ಮಣ್ಣು ಮಾಡುವಾಗ ಅವನಿಗೂ ಕದ್ದಿಶ್ ಹೇಳಲಾಗಲಿಲ್ಲ. ಈಗ ನಿನ್ನನ್ನು ಸೇರಿಸಿದರೆ ಒಂಬತ್ತು ಎಂದ.

ಗುರುಗಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. ಕಥೆ ಮುಂದುವರಿಸಿದರು.

ಆ ಶನಿವಾರ ಪತ್ರಕರ್ತ ಪೆನ್ನನ್ನು ಮನೆಯಲ್ಲಿ ಬಿಟ್ಟು ಹೋದ. ಬಾಗಿಲ ಬಳಿಯ ಬೆಂಚಿನಲ್ಲಿ ಕೂರಲು ಅವರು ಬಿಡಲಿಲ್ಲ. ಕಿಟಕಿಯ ಪಕ್ಕ ಸಿಮ್ಸನ್ ಕೂರುತ್ತಿದ್ದ ಜಾಗ ತೋರಿಸಿದರು. ಅಂದಿನಿಂದ ಅವನನ್ನು ಯಾರೂ ಸಾಹೇಬರೇ ಎನ್ನಲಿಲ್ಲ, ಅಪ್ಪ ಇಟ್ಟ ಹೆಸರು ಹಿಡಿದು ಕರೆದರು. ಹಸ್ಕೇಲ್ ಕದ್ದಿಶ್‌ನ ಮಾತುಗಳನ್ನು ಒಂದೊಂದಾಗಿ ಕಲಿಸಿದ. ಈಗ ಅದು ಅವನಿಗೆ ಪೂರ್ತಿ ಬಾಯಿಪಾಠ. ಹೇಳುವ ಹಾಗಿಲ್ಲ, ಅಷ್ಟೇ. ವಾರ ವಾರ ಹೋಗಿ ಕೂರುತ್ತಾನೆ. ರಸ್ತೆಯಲ್ಲಿ ಹೆಜ್ಜೆ ಸದ್ದಾದರೆ ತಟ್ಟನೆ ತಿರುಗಿ ನೋಡುತ್ತಾನೆ.

ಶಿಷ್ಯನ ಕಣ್ಣು ತುಂಬಿತ್ತು. ಹತ್ತನೆಯವನು ಯಾವತ್ತಾದರೂ ಬಂದನೇ ಎಂದು ಕೇಳಿದ.

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು, ಮೊದಲ ಸಲ ಅವನ ಮುಖ ನೋಡಿದರು.

"ಊಟಕ್ಕೆ ಇಷ್ಟು ಮಂದಿ ಎಂದು ಅಡುಗೆಮನೆಗೆ ಹೇಳಿ ಬಂದೆಯಲ್ಲ, ಆ ಲೆಕ್ಕದಲ್ಲಿ ನೀನಿದ್ದೀಯಾ?"