ತೊಟ್ಟಿಲ ದಿನ ಬದಲಾಗದ ಹೆಸರು

ಇನಾಮದಾರರ ಮನೆಯಲ್ಲಿ ಮುಸುರೆ ತಿಕ್ಕುವ ಫಕೀರವ್ವನಿಗೆ ಮೂರು ಗಂಡುಕೂಸು ಹುಟ್ಟಿ ಮೂರೂ ಮಣ್ಣಿಗೆ ಹೋದವು. ನಾಲ್ಕನೆಯದನ್ನು ಸಾವೂ ಹೇಸಿ ಮುಟ್ಟದಿರಲಿ ಎಂದು ಸುಡುಗಾಡೆಪ್ಪ ಅಂತ ಹೆಸರಿಟ್ಟಳು. ಕೂಸು ಉಳಿಯಿತು.

ಆಮೇಲೆ ಇನಾಮದಾರರಿಗೂ ಮೊಮ್ಮಗ ಹುಟ್ಟಿದ. ಅವನಿಗೆ ಅರುಣಾಂಶು ಎಂಬ ಹೆಸರು. ಮುಂಜಾನೆ ಸೂರ್ಯನ ಕಿರಣ ಅಂತ ಅರ್ಥವಂತೆ. ತೊಟ್ಟಿಲಿಗೆ ಹಾಕುವ ದಿನ ಅಜ್ಜಿ ಗಂಗಾಬಾಯಿ ಬೀಗರೆಲ್ಲರ ಮುಂದೆ ಫಕೀರವ್ವನನ್ನು ಕರೆದು ನಿಲ್ಲಿಸಿದಳು.

"ನಿನ್ನ ಮಗನ ಹೊಲಸು ಹೆಸರು ನಮ್ಮನ್ಯಾಗ ಕೇಳಬಾರದು. ಇವತ್ತ ಬದಲಿ ಮಾಡು. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಹೆಸರು ತೆಗೆದರೆ ಕೂಸಿನ ಕಾವಲು ತೆಗೆದಂತೆ. ಕೆಲಸ ಬಿಟ್ಟರೆ ಅದರ ಹೊಟ್ಟೆಗಿಲ್ಲ. ಫಕೀರವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು:

"ಆಗಲಿ ಬಾಯಾರ. ನನಗ ಗೊತ್ತಿರೋ ಚಲೋ ಹೆಸರು ಒಂದ. ನನ್ನ ಮಗನೂ ಅರುಣಾಂಶು ಆಗಲಿ. ಆದ್ರ ಮೂರು ಸಲ ನಮ್ಮನಿಗೆ ಬಂದಾಂವ ಮತ್ತ ಬರ್ತಾನ. ಅರುಣಾಂಶು ಎಲ್ಲಿ ಅಂತ ಕೇಳ್ತಾನ. ಅವಗ ಯಾವ ತೊಟ್ಟಿಲು ತೋರಸ್ಲಿ?"

ಗಂಗಾಬಾಯಿ ತೊಟ್ಟಿಲಿಗೆ ಅಡ್ಡ ನಿಂತಳು.

"ಬ್ಯಾಡ. ಇದ್ದದ್ದ ಇರ್ಲಿ. ಹೋಗು, ಕೆಲಸ ನೋಡು."

ಕಥೆ ಅಲ್ಲಿಗೆ ಮುಗಿದಿದ್ದರೆ ನಾನ್ಯಾಕೆ ಹೇಳಲಿ? ಮೂರು ವರ್ಷದ ಮೇಲೆ ಅರುಣಾಂಶುವಿಗೆ ಜ್ವರ ಏರಿತು. ಡಾಕ್ಟರ್ ತಲೆ ಅಲ್ಲಾಡಿಸಿ ಹೋದ. ಗಂಗಾಬಾಯಿ ಕೋಣೆಯ ಬಾಗಿಲು ಹಾಕಿಕೊಂಡು, ಮೊಮ್ಮಗನ ಕಿವಿಯ ಹತ್ತಿರ ಅಳುತ್ತ ಕರೆದಳು: "ಸುಡುಗಾಡ್ಯಾ, ಏಳೋ ನಮ್ಮಪ್ಪಾ."

ಕಿಟಕಿಯಾಚೆ ಹಿತ್ತಲಲ್ಲಿ ಆಡುತ್ತಿದ್ದ ಸುಡುಗಾಡೆಪ್ಪ ಓಗೊಟ್ಟು ಎದ್ದ. ಫಕೀರವ್ವ ಅವನ ಕೈ ಹಿಡಿದಳು.

"ಹೋಗಬ್ಯಾಡೋ. ಕರದದ್ದು ನಿನ್ನಲ್ಲ."