ಹುಚ್ಚುಹೊಳೆಗೆ ಅಭಯ ಸಿಕ್ಕಿದ್ದು

ಹುಲಿರಾಯ ಆಳುತ್ತಿದ್ದ ಒಂದು ಕಾಡಿನಲ್ಲಿ ಯಾರ ಮಾತನ್ನೂ ಕೇಳದ ಒಂದು ಹೊಳೆ ಹರಿಯುತ್ತಿತ್ತು. ಬಂಡೆ ಅಡ್ಡ ಬಂದರೆ ಹಾರುತ್ತಿತ್ತು. ಮರ ಅಡ್ಡ ಬಿದ್ದರೆ ಬಳಸಿಕೊಂಡು ಹೋಗುತ್ತಿತ್ತು. ಇವತ್ತು ಇಲ್ಲಿದ್ದ ಮರಳುದಿಣ್ಣೆ ನಾಳೆ ಅಲ್ಲಿರುತ್ತಿತ್ತು. ಅದಕ್ಕೇ ಎಲ್ಲರೂ ಅದನ್ನು ಹುಚ್ಚುಹೊಳೆ ಎಂದು ಕರೆಯುತ್ತಿದ್ದರು.

ಆ ಹೊಳೆಯಲ್ಲಿ ದ್ಯಾಮಿ ಎಂಬ ನೀರುನಾಯಿ ತನ್ನ ಮೂರು ಮರಿಗಳೊಡನೆ ಇದ್ದಳು. ಒಮ್ಮೆ ಅವಳು ಪಕ್ಕದ ಕಾಡಿಗೆ ತಂಗಿಯನ್ನು ನೋಡಲು ಹೋದಳು. ಅಲ್ಲಿನ ಹೊಳೆಗೆ ಯಾರೋ ಕಟ್ಟೆ ಕಟ್ಟಿದ್ದರು. ಕೆಳಗೆ ಬರೀ ಕಲ್ಲು ಉಳಿದಿತ್ತು. ಒಂದು ಏಡಿ ಸಿಕ್ಕೀತೇ ಎಂದು ತಂಗಿ ದಿನವಿಡೀ ಅಲೆಯುತ್ತಿದ್ದಳು. ದ್ಯಾಮಿ ತನ್ನ ಕಾಡಿಗೆ ಮರಳಿದವಳೇ ನೇರವಾಗಿ ಹುಲಿರಾಯನ ಓಲಗಕ್ಕೆ ಹೋದಳು. ಹುಚ್ಚುಹೊಳೆಯನ್ನು ಯಾರೂ ಕಟ್ಟಬಾರದು, ತಿರುಗಿಸಬಾರದು, ಅದಕ್ಕೆ ಅರಸರೇ ಅಭಯ ಕೊಡಬೇಕು ಎಂದು ಬೇಡಿಕೊಂಡಳು.

ಹುಲಿರಾಯ ಕೆಟ್ಟವನಲ್ಲ. ಆದರೆ ಊಟವಾದ ಮೇಲೆ ಯೋಚನೆ ಮಾಡುವ ಕೆಲಸವನ್ನೆಲ್ಲ ಮಂತ್ರಿ ನುಣ್ಣಪ್ಪನಿಗೆ ಬಿಟ್ಟಿದ್ದ. ನುಣ್ಣಪ್ಪ ಒಂದು ನರಿ. ಅವನ ಮಾತು ಹರಳೆಣ್ಣೆ ಸವರಿದ ಹಾಗೆ ಜಾರುತ್ತಿತ್ತು. ಹೊಳೆಯ ಮೇಲಿನ ಕೊರಕಲಿಗೆ ಕಟ್ಟೆ ಹಾಕಿ, ನೀರನ್ನೂ ಮೀನನ್ನೂ ತನ್ನದಾಗಿ ಮಾಡಿಕೊಳ್ಳಬೇಕೆಂದು ಅವನು ಯಾವತ್ತೋ ಲೆಕ್ಕ ಹಾಕಿದ್ದ.

“ಪ್ರಭು, ಅಭಯ ಕೊಡುವುದು ಹೊಳೆಗೆ,” ಎಂದ ನುಣ್ಣಪ್ಪ. “ಇದು ಹೊಳೆಯೇ ಅಲ್ಲ, ಮಳೆನೀರು ಹೋಗುವ ಚರಂಡಿ. ಬೇಸಿಗೆಯಲ್ಲಿ ತಾವೇ ಬಂದು ನೋಡಿ.”

ಹುಲಿರಾಯನಿಗೆ ಅದು ನ್ಯಾಯವೆನಿಸಿತು. ಬೇಸಿಗೆಯ ಮೊದಲ ಹುಣ್ಣಿಮೆಯ ಬೆಳಿಗ್ಗೆ ಖುದ್ದಾಗಿ ಬಂದು ನೋಡಿ ತೀರ್ಮಾನ ಹೇಳುವುದಾಗಿ ಮಾತು ಕೊಟ್ಟ.

ನುಣ್ಣಪ್ಪ ಸುಮ್ಮನೆ ಕೂರಲಿಲ್ಲ. ಕಾಡೆಲ್ಲ ಸುತ್ತಿದ. ಹೊಳೆಗೆ ಅಭಯ ಸಿಕ್ಕರೆ ನೀರು ಕುಡಿಯಲು ಅರಮನೆಯ ಅಪ್ಪಣೆ ಬೇಕಾಗುತ್ತದೆ ಎಂದು ಜಿಂಕೆಗಳಿಗೆ ಹೇಳಿದ. ಕೆಸರಿನಲ್ಲಿ ಹೊರಳಿದರೆ ದಂಡ ಎಂದು ಕಾಡೆಮ್ಮೆಗಳಿಗೆ ಹೇಳಿದ. ನೀರಿನಲ್ಲಿ ಮುಖ ನೋಡಿಕೊಳ್ಳುವುದೂ ಅಪರಾಧ ಎಂದು ಮಂಗಗಳಿಗೆ ಹೇಳಿದ. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಮಂಗಗಳಿಗೇ.

ಅಂದಿನಿಂದ ದ್ಯಾಮಿ ಎದುರಾದರೆ ಎಲ್ಲರೂ ಮುಖ ತಿರುಗಿಸತೊಡಗಿದರು. ಮುದಿ ಕಡವೆಯಜ್ಜಿ ಮಾತ್ರ ಅವಳನ್ನು ನಿಲ್ಲಿಸಿ, ಇದು ನಿಜವೇ ಎಂದು ಕೇಳಿದಳು.

“ಅಜ್ಜಿ, ಅಭಯ ಇರುವುದು ಕುಡಿಯುವವರನ್ನು ತಡೆಯುವುದಕ್ಕಲ್ಲ, ಕಟ್ಟುವವರನ್ನು ತಡೆಯುವುದಕ್ಕೆ,” ಎಂದಳು ದ್ಯಾಮಿ.

ಅಜ್ಜಿ ಅರ್ಧ ನಂಬಿದಳು. ಉಳಿದರ್ಧವನ್ನು ಹುಣ್ಣಿಮೆಯವರೆಗೆ ಬಾಕಿ ಇಟ್ಟಳು.

ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಹೊಳೆ ಇದ್ದಕ್ಕಿದ್ದಂತೆ ಇಳಿಯಿತು. ಮೂರನೆಯ ದಿನಕ್ಕೆ ಅಲ್ಲೊಂದು ಇಲ್ಲೊಂದು ಗುಂಡಿ ಉಳಿಯಿತು. ಗುಂಡಿಗಳಲ್ಲಿ ಮೀನುಗಳು ಬಾಯಿ ಬಿಡುತ್ತಿದ್ದವು. ಎಲ್ಲವನ್ನೂ ಬಾಯಲ್ಲಿ ಕಚ್ಚಿಕೊಂಡು ಆಳದ ಮಡುವಿಗೆ ಸಾಗಿಸಿ ಎಂದು ದ್ಯಾಮಿ ಮರಿಗಳಿಗೆ ಹೇಳಿದಳು. ಬಾಯೊಳಗೆ ಮೀನಿದ್ದೂ ನುಂಗದೆ ಇರುವುದು ನೀರುನಾಯಿಗೆ ಸಣ್ಣ ತಪಸ್ಸೇನಲ್ಲ. ಕಿರಿಯ ಮರಿ ಎರಡು ಮೀನು ನುಂಗಿ, ಆಕಾಶ ನೋಡುತ್ತ ನಿಂತಿತು. ದ್ಯಾಮಿ ಕಂಡೂ ಕಾಣದಂತೆ, ನೀರು ಏಕೆ ನಿಂತಿತೆಂದು ನೋಡಲು ಹೊಳೆಯ ಮೇಲಕ್ಕೆ ಹೊರಟಳು.

ಕೊರಕಲಿನಲ್ಲಿ ಅವಳಿಗೆ ಎಲ್ಲವೂ ತಿಳಿಯಿತು. ಕಾಡುಹಂದಿಗಳು ಕಲ್ಲು, ಮಣ್ಣು, ಮರದ ದಿಮ್ಮಿ ಒಟ್ಟಿ ದೊಡ್ಡ ಕಟ್ಟೆ ಎಬ್ಬಿಸಿದ್ದವು. ಕೆಲಸ ಮುಗಿದರೆ ಗುಡ್ಡದಷ್ಟು ಗೆಣಸು ಕೊಡುವುದಾಗಿ ನುಣ್ಣಪ್ಪ ಅವುಗಳಿಗೆ ಆಸೆ ತೋರಿಸಿದ್ದ. ಕಟ್ಟೆಯ ಹಿಂದೆ ನೀರು ತುಂಬಿ ನಿಂತಿತ್ತು. ದಡದಲ್ಲಿ ನುಣ್ಣಪ್ಪನ ಭಾವಮೈದುನರು ಮೀನು ತಿಂದು ಮೂಳೆ ಉಗಿಯುತ್ತಿದ್ದರು.

ದ್ಯಾಮಿಗೆ ಸಿಟ್ಟು ನೆತ್ತಿಗೇರಿತು. ಆದರೆ ಒಂಟಿ ನೀರುನಾಯಿ ಆ ಕಲ್ಲುಗಳನ್ನು ಅಲ್ಲಾಡಿಸಲಾರಳು. ದೂರು ಕೊಟ್ಟರೆ, ಕಟ್ಟೆ ಕಟ್ಟಿದವಳು ಇವಳೇ ಎಂದು ನುಣ್ಣಪ್ಪ ನುಣ್ಣಗೆ ತಿರುಗಿಸಿಬಿಡುತ್ತಾನೆ. ಪೊದೆಯ ಹಿಂದೆ ಕೂತು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅವಳ ಮೀಸೆ ತಾನಾಗಿಯೇ ಕುಣಿಯತೊಡಗಿತು. ಭಾವಮೈದುನರು ತೂಕಡಿಸುವವರೆಗೆ ಕಾದು, ಕಟ್ಟೆಯ ಬುಡದ ಮಣ್ಣನ್ನು ಒಂದಿಷ್ಟು ಕೆರೆದಳು.

ಹುಣ್ಣಿಮೆಯ ಬೆಳಿಗ್ಗೆ ಹುಲಿರಾಯ ಬಂದ. ಕಾಡೆಲ್ಲ ನೆರೆದಿತ್ತು. ಕೆಲವರು ಒಣಗಿದ ಹೊಳೆಯೊಳಗೇ ಇಳಿದು ನಿಂತಿದ್ದರು. ನುಣ್ಣಪ್ಪ ನಟ್ಟನಡುವೆ ಹೋಗಿ, ಬಂಡೆಯೊಂದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ಇಂಥ ಒಣ ಜಾಗಕ್ಕೆ ಅಭಯ ಕೊಟ್ಟರೆ ಪಕ್ಕದ ಕಾಡಿನವರು ನಗುತ್ತಾರೆ ಎಂದು ವಿವರಿಸಿದ. ಹುಲಿರಾಯ ಮರಳಿನಲ್ಲಿ ಪಂಜ ಊರಿ ನೋಡಿದ. ಬರೀ ಧೂಳು. ಅರ್ಜಿ ತಳ್ಳಿಹಾಕಲು ಬಾಯಿ ತೆರೆದ.

ಅಷ್ಟರಲ್ಲಿ ಮೇಲಿನಿಂದ ದ್ಯಾಮಿ ಏದುಸಿರು ಬಿಡುತ್ತ ಬಂದಳು. ಅರಸನ ಕಡೆ ನೋಡಲೂ ಇಲ್ಲ. ಮರಳಿನ ಮೇಲೆ ನಿಂತಿದ್ದ ಕಡವೆಯಜ್ಜಿಯ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಷ್ಟೇ ದನಿಯಲ್ಲಿ ಹೇಳಿದಳು: “ಅಜ್ಜಿ, ಸ್ವಲ್ಪ ದಡಕ್ಕೆ ಬಾ. ಮೇಲಿನ ಕಟ್ಟೆ ಬಿರುಕು ಬಿಟ್ಟಿದೆ.”

ಅಜ್ಜಿ ಕಣ್ಣು ಕಣ್ಣು ಬಿಟ್ಟಳು. ಜಿಂಕೆಗಳು ಕಾಡೆಮ್ಮೆಗಳ ಮುಖ ನೋಡಿದವು. ಯಾವ ಕಟ್ಟೆ, ಎಲ್ಲಿಯ ಕಟ್ಟೆ? ಹೊಳೆಯೊಳಗೆ ನಿಂತಿದ್ದ ಪ್ರಾಣಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕದಲಲಿಲ್ಲ.

ನುಣ್ಣಪ್ಪ ಮಾತ್ರ ಬಂಡೆಯಿಂದ ಚಂಗನೆ ನೆಗೆದ. ನಾಲ್ಕೇ ನೆಗೆತಕ್ಕೆ ಹೊಳೆ ದಾಟಿ, ಕಣ್ಣು ಮುಚ್ಚಿಕೊಂಡು ಸೀಗೆಮುಳ್ಳಿನ ಪೊದೆಗೆ ಧುಮುಕಿದ. ಬಾಲವೊಂದು ಹೊರಗೆ ಉಳಿಯಿತು.

ಒಂದು ಹನಿ ನೀರೂ ಬರಲಿಲ್ಲ.

“ಮಂತ್ರಿಗಳೇ,” ಎಂದ ಹುಲಿರಾಯ ನಿಧಾನವಾಗಿ, “ಹೊಳೆಯೇ ಇಲ್ಲದ ಮೇಲೆ ಕಟ್ಟೆ ಒಡೆದರೆ ನಿಮಗೇನು ಭಯ?”

ಹೊರಗಿದ್ದ ಬಾಲವೂ ಪೊದೆಯೊಳಗೆ ಸರಿಯಿತು. ದಡದಲ್ಲಿದ್ದ ಕಾಡುಹಂದಿಗಳ ಯಜಮಾನ ಮುಂದೆ ಬಂದು ತಲೆ ಕೆರೆದುಕೊಂಡ. ಹೇಗೂ ವಿಷಯ ಹೊರಬಿತ್ತಲ್ಲ, ತಮ್ಮ ಗೆಣಸು ಇವತ್ತೇ ಸಿಗುತ್ತದೆಯೇ ಎಂದು ಕೇಳಿದ.

ಹುಲಿರಾಯ ಕೊರಕಲಿಗೆ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡ. ಭಾವಮೈದುನರು ಅರ್ಧ ತಿಂದ ಮೀನು ಬಿಟ್ಟು ಪರಾರಿಯಾದರು. ಬಿರುಕು ಎಲ್ಲಿ ಎಂದು ಅರಸ ಕೇಳಿದ. ದ್ಯಾಮಿ ಕಟ್ಟೆಯ ಬುಡದಲ್ಲಿ ತಾನೇ ಕೆರೆದ ಬೆರಳಗಲದ ತೂತನ್ನು ತೋರಿಸಿದಳು. ಅದರಿಂದ ನೂಲಿನಂತೆ ನೀರು ಸೋರುತ್ತಿತ್ತು. ಹುಲಿರಾಯನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ತನ್ನ ಯೋಚನೆಯನ್ನು ಬೇರೆಯವರಿಗೆ ಬಿಟ್ಟದ್ದಕ್ಕೆ ನಾಚಿಕೊಂಡ.

ಅಲ್ಲೇ ನಿಂತು ಅಪ್ಪಣೆ ಹೊರಡಿಸಿದ. ಹುಚ್ಚುಹೊಳೆ ತನಗೆ ಬೇಕಾದಂತೆ ಹರಿಯಲಿ. ಕುಡಿಯುವವರು ಕುಡಿಯಲಿ, ಹೊರಳುವವರು ಹೊರಳಲಿ, ಮಂಗಗಳು ಬೇಕಾದಷ್ಟು ಹೊತ್ತು ಮುಖ ನೋಡಿಕೊಳ್ಳಲಿ. ಕಟ್ಟುವ ಹಕ್ಕು ಮಾತ್ರ ಯಾರಿಗೂ ಇಲ್ಲ, ಅರಸನಿಗೂ ಇಲ್ಲ.

ಕಟ್ಟೆಯ ಕಲ್ಲು ಕೀಳುವ ಕೆಲಸ ನುಣ್ಣಪ್ಪನ ಪಾಲಿಗೆ ಬಂತು. ಹಂದಿಗಳು ದಿಮ್ಮಿ ಎಳೆದವು. ಕೊನೆಯ ಕಲ್ಲು ಅಲ್ಲಾಡಿದ್ದೇ ತಡ, ಹೊಳೆ ನುಣ್ಣಪ್ಪನನ್ನೂ ಎತ್ತಿಕೊಂಡು ಹೋಗಿ ಮರಳುದಿಣ್ಣೆಯ ಮೇಲೆ ಒಗೆದ ಬಟ್ಟೆಯಂತೆ ಹಾಸಿತು. ಮಡುವಿನ ಮೀನುಗಳು ಹೊಸನೀರಿಗೆ ಎದುರಾಗಿ ಈಜಿದವು. ದ್ಯಾಮಿಯ ಮರಿಗಳು ಇನ್ನು ಬಾಯಿ ಕಟ್ಟಬೇಕಾಗಿಲ್ಲವೆಂದು ಅವುಗಳ ಹಿಂದೆ ಬಿದ್ದವು.

ಮಂತ್ರಿ ಪದವಿ ಹೋದ ಮೇಲೆ ನುಣ್ಣಪ್ಪನಿಗೆ ಬೇರೆ ಕೆಲಸ ಸಿಕ್ಕಿತು. ದಿನಾ ಮುಸ್ಸಂಜೆ ಕೊರಕಲು ಹತ್ತಿ, ಹೊಳೆ ಹರಿಯುತ್ತಿದೆಯೇ ನೋಡಿ, ಕಾಡಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಒಂದು ದಿನ ತಡವಾದರೂ ದ್ಯಾಮಿ ಅವನ ಬಿಲದ ಬಾಗಿಲಿಗೆ ಬಂದು, ಮೈಯ ನೀರನ್ನೆಲ್ಲ ಒಳಕ್ಕೆ ಕೊಡವುತ್ತಿದ್ದಳು.

ನೀತಿ: ಎಲ್ಲರಿಗೂ ಸೇರಿದ್ದನ್ನು ಮೋಸದಿಂದ ತನ್ನದಾಗಿಸಿಕೊಳ್ಳಲು ಹೊರಟವನನ್ನು ಅವನ ಭಯವೇ ಹಿಡಿದುಕೊಡುತ್ತದೆ.